ಹೊಟ್ಟೇಲಿ ಜಾಗ ಖಾಲಿ ಇಲ್ಲ

ಆಫೀಸ್ ಕೆಲಸಕ್ಕೆ ಅಂತ ಸ್ಯಾನ್ ಡಿಯಾಗೋದಿಂದ ಸೌದಿಗೆ ಹೋದ ನನಗೆ ಮ್ಯೂಸಿಯಮ್ ನೋಡುವ ಉಸಾಬರಿ ಯಾಕೆ ಬೇಕಿತ್ತೋ. ಮೂರನೆಯದಕ್ಕೆ ಬರುವ ಹೊತ್ತಿಗೆ ಕಾಲು ಸೋತಿತ್ತು. ಹಳೇ ಕತ್ತಿ, ಒಂಟೆ ಜೀನು ಎಲ್ಲ ಒಂದೇ ಥರ ಕಾಣುತ್ತಿದ್ದವು.

ಅದು ಒಬ್ಬ ಯಜಮಾನರು ತಮ್ಮ ಮನೆಯಲ್ಲೇ ಮಾಡಿಕೊಂಡಿದ್ದ ಮ್ಯೂಸಿಯಮ್. ಎರಡು ಕೋಣೆ ತೋರಿಸಿದವರೇ ಕೈಹಿಡಿದು ಕೂರಿಸಿದರು. ಮೊದಲು ಖರ್ಜೂರ, ಏಲಕ್ಕಿ ಹಾಕಿದ ಕಾಫಿ. ಆಮೇಲೆ ದೊಡ್ಡ ಹರಿವಾಣದ ತುಂಬ ಅನ್ನ. ಬೇಡ ಅಂತ ಕೈ ಅಡ್ಡ ಹಿಡಿದರೆ ನಗುತ್ತಾ ಇನ್ನಷ್ಟು ಬಡಿಸುತ್ತಿದ್ದರು.

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. "ಊಟ ಆಯ್ತಾ?"

"ಆಗ್ತಾನೇ ಇದೆ ಕಣೇ. ಹೊಟ್ಟೇಲಿ ಒಂಚೂರೂ ಜಾಗ ಖಾಲಿ ಇಲ್ಲ," ಎಂದು ಹೊಟ್ಟೆ ಸವರಿಕೊಂಡೆ.

ಯಜಮಾನರ ಕಿವಿ ನೆಟ್ಟಗಾಯಿತು. "ಖಾಲಿ?" ಎಂದರು, ಗಾಬರಿಯಿಂದ ನನ್ನ ಹೊಟ್ಟೆ ನೋಡುತ್ತಾ. ಆಮೇಲೆ ತಮಗೆ ಬರುವ ನಾಲ್ಕಕ್ಷರ ಇಂಗ್ಲಿಷಿನಲ್ಲಿ, "ಎಂಪ್ಟಿ?"

ನಮ್ಮ 'ಖಾಲಿ' ಅವರ ಭಾಷೆಯದು ಅಂತ ನನಗೆ ಗೊತ್ತಾಗಿದ್ದೇ ಆಗ. ಆ ಸುಸ್ತಿನಲ್ಲಿ ಇಂಗ್ಲಿಷ್ ಬಾಯಿಗೇ ಬರಲಿಲ್ಲ. "ಖಾಲಿ ಇಲ್ಲ, ಖಾಲಿ ಇಲ್ಲ!" ಅಂದೆ. ಅವರಿಗೆ 'ಇಲ್ಲ' ಎಲ್ಲಿ ಅರ್ಥವಾಗಬೇಕು? ಪಾಪ, ಎರಡೆರಡು ಸಲ 'ಖಾಲಿ' ಕೇಳಿಸಿಕೊಂಡು ಎರಡು ಸೌಟು ಹಾಕಿದರು. ತಿಂದೆ.

ವಾಪಸ್ ಲಾಸ್ ಏಂಜಲೀಸ್‌ನಲ್ಲಿ ಇಳಿದು, ಟ್ರಾಫಿಕ್‌ನಲ್ಲಿ ಸ್ಯಾನ್ ಡಿಯಾಗೋವರೆಗೂ ಡ್ರೈವ್ ಮಾಡಿಕೊಂಡು ಮನೆ ಸೇರಿದವನೇ ಫ್ರಿಜ್ ತೆಗೆದೆ.

"ಏನೇ ಇದು, ಎಲ್ಲಾ ಖಾಲಿ!"

"ಹೌದಾ?" ಅಂತ ಒಳಗಿಂದ ಹೆಂಡತಿ ಕೂಗಿದಳು. "ಕಾರ್ ಇನ್ನೂ ಹೊರಗೇ ಇದೆಯಲ್ಲ, ಹಂಗೇ ಹೋಗಿ ತಗೊಂಡ್ಬನ್ನಿ."