ಜೋಳದ ಹಿಟ್ಟಿನ ಬಾವುಟ

ಆಳಂದದಲ್ಲಿ ನಮ್ಮ ಮಗ್ಗುಲ ಮನೆಯ ಮುದುಕಿ ಓಣಿಗೆಲ್ಲ ಆಯಿ. ನಮ್ಮ ಸೀಮೆ ನಿಜಾಮನಿಂದ ಬಿಡುಗಡೆಯಾದ ಸೆಪ್ಟೆಂಬರ್ ಹದಿನೇಳರಂದು ಪ್ರತಿ ವರ್ಷವೂ ಅವಳು ಜೋಳದ ಹಿಟ್ಟಿಗೆ ಬಣ್ಣ ಬೆರೆಸಿ ಅಂಗಳದಲ್ಲಿ ಬಾವುಟ ಬಿಡಿಸುತ್ತಿದ್ದಳು. ನಡುವೆ ಮಾತ್ರ ಚಕ್ರವಲ್ಲ, ನೂಲುವ ಚರಕ. ಯಾರು ತಿದ್ದಲು ಬಂದರೂ ತಲೆಯೆತ್ತದೆ, “ನಂಗ ಗೊತ್ತದ, ಸುಮ್ನ ಹೋಗ್ರಿ” ಎಂದು ಬೆರಳ ಸಂದಿಯಿಂದ ಹಿಟ್ಟು ಉದುರಿಸುತ್ತಲೇ ಇರುತ್ತಿದ್ದಳು.

ಒಮ್ಮೆ ನಾನೂ ಕೆಣಕಿದೆ: “ಆಯಿ, ಸ್ವಾತಂತ್ರ್ಯ ಬರೋ ಹೊತ್ತಿಗೇ ಚರಕ ಹೋಗಿ ಚಕ್ರ ಬಂದದಲ್ಲ?”

“ನಂಗ ಗೊತ್ತದೋ ಯಪ್ಪಾ. ನಮ್ಮಪ್ಪ ಜ್ವಾಳದ ಚೀಲದಾಗ ಮುಚ್ಚಿಟ್ಟಿದ್ದ ಝಂಡಾದಾಗ ಚರಕನೇ ಇತ್ತು. ಅದಕ್ಕೇ ನಿಜಾಮನ ಪೊಲೀಸರು ಅವನ್ನ ಹಿಡ್ಕೊಂಡು ಹೋದರು. ಅಂವ ತಿರುಗಿ ಬರಲೇ ಇಲ್ಲ.”

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಆಯಿ ನಕ್ಕಳು.

“ಬಂದ್ರ, ಮನಿ ಗುರ್ತ ಸಿಗಬೇಕಲ್ಲ?”