ನಾಯಿಮರಿಯ ಸ್ಟಾಪ್

ಚಿಂಚೋಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಸ್ ಕಂಡಕ್ಟರ್ ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ, ಸುಲೇಪೇಟದಿಂದ ನಾನು ತಂದ ನಾಯಿಮರಿಯನ್ನೂ. ಅದು ಹಾಲು ಕುಡಿದ ಕೂಡಲೇ ಎತ್ತಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಬಿಟ್ಟು, "ಇಳೀರಿ, ನಿಮ್ಮ ಸ್ಟಾಪ್ ಬಂತು" ಎನ್ನುತ್ತಿದ್ದರು. ಮರಿ ಅಲ್ಲಿ ಸುಮ್ಮನೆ ಬಾಲ ಅಲ್ಲಾಡಿಸಿ, ಮನೆಯೊಳಗೆ ಬಂದ ಮೇಲೆ ಉಚ್ಚೆ ಹೊಯ್ಯುತ್ತಿತ್ತು.

"ಇನ್ನೊಮ್ಮಿ ಒಳಗ ಮಾಡಿದ್ರ ವಾಪಸ್ ಕಳಸ್ತೀನಿ ನೋಡು" ಎಂದು ಅವ್ವ ಹೇಳಿಬಿಟ್ಟಳು.

ಮರುದಿನ ಬೆಳಿಗ್ಗೆ ಮರಿ ಮುಚ್ಚಿದ ಬಾಗಿಲನ್ನು ಕೆರೆಯುತ್ತ ಕುಂಯ್‌ಗುಟ್ಟಿತು. ನಮಗೆ ಅರ್ಥವಾಗುವ ಮೊದಲೇ, ದಾಡಿ ಮಾಡಿಕೊಳ್ಳುತ್ತಿದ್ದ ಕಂಡಕ್ಟರ್ ಮುಖದ ತುಂಬ ಸಾಬೂನಿನ ನೊರೆಯೊಂದಿಗೆ ಓಡಿಬಂದರು.

"ಬಾಗಲಾ ತೆಗೀರಿ ಅಕ್ಕಾರ, ಅವರಿಗಿ ಇಳೀಬೇಕಾಗ್ಯಾದ!"

ಅವ್ವ ಬಾಗಿಲು ತೆಗೆದಳು. ಮರಿ ನೇರ ಬೇವಿನ ಬುಡಕ್ಕೆ ಓಡಿ ಕೆಲಸ ಮುಗಿಸಿತು. ಕಂಡಕ್ಟರ್ ನೊರೆ ಹಾರುವಂತೆ ಚಪ್ಪಾಳೆ ತಟ್ಟಿ ಕುಣಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡ ಅವ್ವ ಮರಿಯನ್ನು ಮೊದಲ ಸಲ ಎತ್ತಿಕೊಂಡು, "ಬಾ, ನಮ್ಮ ಮನೀಗಿ ಹೋಗಮು" ಎಂದಳು.