ಒಂದನೇ ನಂಬರಿನ ಎದೆ

ಕೋದಂಡರಾಮಪ್ಪನಿಗೆ ಕೂತಲ್ಲಿ ಕೂರಲಾಗದ ರೋಗ. ಕೋಲಾರದ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ಫಿಲ್ಮ್ ತೊಳೆಯುವ ಕೆಲಸ ಅವನದು. ಕತ್ತಲಕೋಣೆಯೊಳಗೆ ನಿಂತರೆ ಹೊರಗೇನಾಯಿತೋ ಎಂಬ ಚಿಂತೆ, ಹೊರಗೆ ಬಂದರೆ ಒಳಗಿನ ಫಿಲ್ಮಿನ ಚಿಂತೆ. ವಕ್ಕಲೇರಿಯಿಂದ ಬರುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಲ್ಲುವ ಮನುಷ್ಯ.

ಒಂದು ವಿಷಯದಲ್ಲಿ ಮಾತ್ರ ಅವನ ಜಂಬ ಹೇಳತೀರದು. ಡಾಕ್ಟರಿಕೆ ಕಲಿಯಲು ಬರುವವರಿಗೆ ತೋರಿಸಲೆಂದು ಅಲ್ಲಿ ಮಾದರಿ ಫಿಲ್ಮುಗಳ ಬೀರು ಇತ್ತು. ಕ್ಷಯದ್ದು, ನ್ಯುಮೋನಿಯಾದ್ದು, ಕಲ್ಲಿನ ದೂಳು ಕುಡಿದವರದ್ದು. ಇವೆಲ್ಲಕ್ಕೂ ಮೊದಲು, ಒಂದನೇ ನಂಬರಿನಲ್ಲಿ, ರೋಗವಿಲ್ಲದ ಎದೆ. ಅದು ಎಪ್ಪತ್ತಾರರಲ್ಲಿ ತೆಗೆದ ಕೋದಂಡರಾಮಪ್ಪನ ಎದೆ. ಅನುಮಾನ ಬಂದ ಫಿಲ್ಮನ್ನೆಲ್ಲ ಅದರ ಪಕ್ಕದಲ್ಲಿ ಹಿಡಿದೇ ನೋಡುತ್ತಿದ್ದರು.

"ಡಾಕ್ಟ್ರುಗಳೆಲ್ಲ ನನ್ ಎದೆ ನೋಡೇ ಕಲ್ತಿರೋದು ಕಣೇ," ಎಂದು ಹೆಂಡತಿ ಶ್ಯಾಮಲಮ್ಮನ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

"ಎದೆ ಆಮೇಲ್ ತೋರ್ಸೀರಂತೆ. ಮುದ್ದೆ ಆರ್ತೈತೆ, ಕೂತ್ಕಳ್ರಿ," ಎನ್ನುತ್ತಿದ್ದಳು ಅವಳು.

ಎಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು, ದೇವರ ಮನೆಗಿಂತ ಹೆಚ್ಚು ಮಡಿ. ರೋಗದ ಹೆಸರು ಒತ್ತಿದರೆ ಯಾವ ಫಿಲ್ಮು ನೋಡಬೇಕು, ಅದರಲ್ಲಿ ಏನು ಗಮನಿಸಬೇಕು ಎಂದು ಪರದೆಯ ಮೇಲೆ ಬರುವಂತೆ ವಿಭಾಗದ ಡಾಕ್ಟರ್ ಜೈನಾಬ್ ಒಂದೊಂದನ್ನೇ ತುಂಬಿಸತೊಡಗಿದರು.

"ಒಂದನೇ ನಂಬರ್ ಹಳದಿಯಾಗಿದೆ ಕೋದಂಡರಾಮಪ್ಪ. ಹೊಸದು ತೆಗೆಸ್ಕೊಳ್ಳಿ, ಅದನ್ನೇ ಸೇರಿಸೋಣ," ಎಂದರು.

ನಾಳೆ, ನಾಡಿದ್ದು ಎಂದು ಅವನು ಜಾರಿಕೊಂಡ. ಕೆಲವು ತಿಂಗಳಿಂದ ಅವನಿಗೆ ಕೆಮ್ಮು. ಊರವರ ಕೆಮ್ಮಿಗೆಲ್ಲ ಫಿಲ್ಮ್ ತೆಗೆಸಿ ಎಂದು ಬುದ್ಧಿ ಹೇಳುವ ಮಹಾನುಭಾವ ತಾನು ಮಾತ್ರ ಶುಂಠಿ ಅಗಿಯುತ್ತ ಓಡಾಡುತ್ತಿದ್ದ. ಆರೋಗ್ಯದ ಮಾದರಿಗೇ ರೋಗ ಬರುವುದುಂಟೇ ಎಂಬ ಹುಚ್ಚು ಧೈರ್ಯ, ಅದರ ಅಡಿಯಲ್ಲಿ ಬರೀ ಹೆದರಿಕೆ.

ಕೊನೆಗೆ ಡಾಕ್ಟರೇ ಹಿಡಿದು ನಿಲ್ಲಿಸಿ ತೆಗೆಸಿದರು. ತೊಳೆಯುವವನು ಅವನೇ ತಾನೇ. ಕೆಂಪು ದೀಪದಡಿ ನೀರಿನಿಂದ ಎತ್ತಿ ನೋಡಿದರೆ ಬಲಗಡೆ ಮೇಲ್ಭಾಗದಲ್ಲಿ ಬೆಳ್ಳಗೆ ಮೋಡ. ಪಕ್ಕದ ತಂತಿಯಲ್ಲಿ ಬೇರೆ ಯಾರದೋ ಒಳ್ಳೆಯ ಎದೆ ಒಣಗುತ್ತಿತ್ತು. ಅದನ್ನೇ ತನ್ನದೆಂದು ಕೊಟ್ಟುಬಿಟ್ಟರೆ ಕೇಳುವವರಿಲ್ಲ. ಕೈ ಚಾಚಿಯೂ ಬಿಟ್ಟ. ಆಗ ಶ್ಯಾಮಲಮ್ಮ ನೆನಪಾದಳು. ಬೆಳಿಗ್ಗೆ ಒಲೆಯ ಮುಂದೆ ಅವಳೂ ಕೆಮ್ಮಿದ್ದಳು. ಕೇಳಿದ್ದಕ್ಕೆ ಹೊಗೆ ಎಂದಿದ್ದಳು.

ನೀರು ಸೋರುತ್ತಿದ್ದ ತನ್ನ ಫಿಲ್ಮನ್ನೇ ಡಾಕ್ಟರ ಮುಂದೆ ಹಿಡಿದ. ಅವರು ಬೆಳಕಿಗಿಟ್ಟು ನೋಡಿದರು.

"ಕ್ಷಯದ ಹಾಗಿದೆ. ಇದಕ್ಕೆ ಔಷಧಿ ಇದೆ, ವಾಸಿಯಾಗುತ್ತೆ. ಇವತ್ತೇ ಕಫ ಪರೀಕ್ಷೆಗೆ ಕೊಡಿ."

"ನಂದಿರ್ಲಿ ಮೇಡಂ. ನಮ್ಮನೆಯವ್ಳನ್ನ ಕರ್ಕೊಂಬರ್ತೀನಿ. ಮೊದ್ಲು ಅವಳದ್ ತೆಗೀರಿ."

ಮರುದಿನ ಅವಳ ಫಿಲ್ಮನ್ನು ತೊಳೆಯಲು ಬೇರೆಯವರಿಗೆ ಬಿಡಲಿಲ್ಲ. ಎತ್ತಿ ನೋಡಿದ, ತಿರುಗಿಸಿ ಮತ್ತೆ ನೋಡಿದ. ಎರಡೂ ಕಡೆ ಗಾಳಿ ತುಂಬಿದ ಅಪ್ಪಟ ಕಪ್ಪು, ಎಲ್ಲೂ ಮೋಡವಿಲ್ಲ. ಕತ್ತಲಲ್ಲೇ ಗಳಗಳನೆ ಅತ್ತುಬಿಟ್ಟ. ಆಮೇಲೆ ಮುಖ ತೊಳೆದುಕೊಂಡು ಡಾಕ್ಟರ ಹತ್ತಿರ ಹೋದ.

"ಒಂದನೇ ನಂಬರ್ ಸಿಕ್ತು ಮೇಡಂ."